ಅಂತರಂಗ ಹರಿದಿದೆಯೇ?

ಜನವರಿ ೧೬, ಮಂಗಳವಾರ

ಇಲ್ಲಿಗೆ ಬಂದು ಹನ್ನೊಂದು ದಿನವಾಯಿತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತನಾದವನೊಬ್ಬ ಅರವತ್ತಾರರ ವಯಸ್ಸಿನಲ್ಲಿ ಹೆಂಡತಿಯನ್ನು ಕರೆದುಕೊಂಡು, ಕಡಲು ದಾಟಿ ಸುವಾರ್ತೆ ಸಾರಲು ಬಂದಿದ್ದಾನೆಂದರೆ ಅದು ಎಲ್ಲಾದರೂ ದಾಖಲಾಗಬೇಕು. ಬೇರೆ ಯಾರೂ ದಾಖಲಿಸುವ ಲಕ್ಷಣ ಕಾಣದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಮ್ಮ ಸಭೆಯವರು ಬಾಡಿಗೆಗೆ ಹಿಡಿದಿರುವುದು ಮೂರಂತಸ್ತಿನ ಕಟ್ಟಡದ ನೆಲಮಹಡಿ. ಮುಂದಿನ ಕೋಣೆಗೆ ಬೀದಿಯತ್ತ ದೊಡ್ಡ ಗಾಜು; ಮೊದಲು ಅಲ್ಲಿ ಬೂಟಿನ ಅಂಗಡಿ ಇತ್ತಂತೆ. ಈಗ ಹದಿನೆಂಟು ಮಡಿಚುವ ಕುರ್ಚಿ, ಒಂದು ಮೇಜು, ಒಂದು ಹೀಟರು. ಅದೇ ಪ್ರಾರ್ಥನೆಯ ಕೋಣೆ. ಹಿಂದಿನ ಕೋಣೆಯಲ್ಲಿ ನಮ್ಮ ಮಂಚ, ಒಲೆ, ಮತ್ತು ನನ್ನಾಕೆ ಹಠ ಹಿಡಿದು ತಂದಿರುವ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ. ಅದರ ಭಾರದಿಂದಾಗಿ ನನ್ನ ಅರ್ಧದಷ್ಟು ಪುಸ್ತಕಗಳು ಊರಲ್ಲೇ ಉಳಿದವು. ಸುವಾರ್ತೆ ಸಾರುವವರಿಗೆ ಇದೇಕೆ ಎಂದು ವಿಮಾನ ನಿಲ್ದಾಣದಲ್ಲೇ ಕೇಳಿದ್ದೆ. "ಮಿಷನ್ ಕೆಲಸ ಮಿಷನ್ ಕೆಲಸ ಅಂತ ವರ್ಷದಿಂದ ನೀವೇ ತಾನೇ ಹೇಳ್ತಿದ್ದದ್ದು. ಮಿಷನ್ ಇಲ್ದೆ ಹೇಗೆ ಬರೋದು?" ಎಂದಳು. ಇಪ್ಪತ್ತು ವರ್ಷ ಚರ್ಚ್ ಕಾಂಪೌಂಡಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದವಳು. ಮಾತಿನಲ್ಲಿ ಗೆಲ್ಲುವುದು ಆಗದ ಕೆಲಸ.

ಮುಖ್ಯ ವಿಷಯ ಬರೆದಿಡುತ್ತೇನೆ. ಮಾರ್ಚ್ ಮೂರನೆಯ ಭಾನುವಾರ ಸಭೆಯ ಮೇಲ್ವಿಚಾರಣೆಯ ಪಾದ್ರಿ ಅಯ್ಯನವರು ಊರಿನಿಂದ ಬಂದು ನೋಡಲಿದ್ದಾರೆ. ಜನ ಕೂಡಿದ್ದರೆ ಇನ್ನೆರಡು ವರ್ಷ. ಇಲ್ಲವಾದರೆ ಕೋಣೆಯ ಬೀಗದ ಕೈ ಮಾಲೀಕನಿಗೆ ಕೊಟ್ಟು, ಅಯ್ಯನವರ ಜೊತೆಗೇ ವಾಪಸ್ಸು. ಬೀಳ್ಕೊಡುಗೆ ಸಭೆಯಲ್ಲಿ ಮೂರು ಹಾರ ಹಾಕಿಸಿಕೊಂಡು ಒಂದು ಗಂಟೆ ಹತ್ತು ನಿಮಿಷ ಮಾತಾಡಿ ಬಂದವನು ನಾನು. ಎರಡೇ ತಿಂಗಳಲ್ಲಿ ಮರಳಿದರೆ ಮುಖ ಎಲ್ಲಿಟ್ಟುಕೊಳ್ಳಲಿ?

ಜನವರಿ ೨೧, ಭಾನುವಾರ

ಹಾಜರಿ: ಮೂರು. ಒಬ್ಬರು ಬೂಟು ಕೊಳ್ಳಲು ಬಂದವರು. ಇನ್ನೊಬ್ಬರು ಬಸ್ಸು ಬರುವವರೆಗೆ ಹೀಟರಿನ ಬಳಿ ನಿಂತು ಹೋದರು. ಮೂರನೆಯವರು ಕೊನೆಯವರೆಗೂ ಇದ್ದರು, ನಿದ್ದೆಯಲ್ಲಿ.

ಪ್ರಸಂಗವನ್ನು ಇಲ್ಲಿಯ ಭಾಷೆಯಲ್ಲೇ ಮಾಡಿದೆ. ಎಂಟು ತಿಂಗಳು ಪುಸ್ತಕವಿಟ್ಟುಕೊಂಡು ಕಲಿತ ಭಾಷೆ. ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿದೆ. ವಿಭಕ್ತಿಗಳಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ಹೇಗಿತ್ತು ಎಂದು ಇವಳನ್ನು ಕೇಳಿದೆ. ನಿದ್ದೆ ಮಾಡಿದವರಿಗೆ ಒಳ್ಳೇ ವಿಶ್ರಾಂತಿ ಸಿಕ್ಕಿತು ಎಂದಳು.

ಫೆಬ್ರವರಿ ೧, ಗುರುವಾರ

ಇಂದು ಕಿಟಕಿಯ ಗಾಜಿಗೆ ಬೋರ್ಡು ಹಾಕಿದೆ. ನಾಲ್ಕು ದಿನದ ಶ್ರಮ. "ನಿಮ್ಮ ಮನಸ್ಸು ನೊಂದಿದ್ದರೆ ಬನ್ನಿ" ಎಂಬ ಅರ್ಥ ಬರಬೇಕಿತ್ತು. ಮನಸ್ಸು ಎನ್ನುವುದಕ್ಕೆ ಇಲ್ಲಿಯವರ ಮಾತು ಎರಡೇ ಅಕ್ಷರದ್ದು, ತರಕಾರಿ ಅಂಗಡಿಯಲ್ಲೂ ಕಿವಿಗೆ ಬೀಳುತ್ತದೆ. ದೇವರ ಕೆಲಸಕ್ಕೆ ಅಂಥ ಸವಕಲು ಪದ ಸಲ್ಲದು. ದೊಡ್ಡ ನಿಘಂಟು ತಿರುವಿ ಅಂತರಂಗ ಎಂಬ ಗಾಂಭೀರ್ಯದ ಪದ ಹುಡುಕಿ ತೆಗೆದೆ. ಬೋರ್ಡಿನ ಕನ್ನಡ ರೂಪ ಹೀಗೆ: "ಅಂತರಂಗ ಹರಿದಿದೆಯೇ? ಒಳಗೆ ಬನ್ನಿ. ಹೊಲಿದು ಹೊಸದಾಗಿಸುತ್ತೇವೆ. ಉಚಿತ."

ಹೊಲಿಯುವುದು ಎಂಬ ರೂಪಕ ನನ್ನದೇ. ಬೀದಿಯ ಆಚೆ ಬದಿಗೆ ಹೋಗಿ ನಿಂತು ಮೂರು ಸಲ ಓದಿ ಬಂದೆ.

ಫೆಬ್ರವರಿ ೫, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಹೆಂಗಸು ಬಾಗಿಲು ತಳ್ಳಿಕೊಂಡು ಬಂದಳು. ನಮ್ಮ ಬೀದಿಯ ಬಸ್ಸು ಓಡಿಸುವಾಕೆ. ಆಳು ನನ್ನ ಎರಡರಷ್ಟು, ದನಿ ನಾಲ್ಕರಷ್ಟು. ಬೋರ್ಡು ತೋರಿಸಿ ಇದು ನಿಜವೇ ಎಂದು ಕೇಳಿದಳು. ನನ್ನ ಎದೆ ತುಂಬಿ ಬಂತು. ನಿಜ ಎಂದೆ. ಹರಿದಿದೆಯೇ ಎಂದೆ. ತುಂಬಾ ಹರಿದಿದೆ, ಎರಡು ವರ್ಷದಿಂದ ಹೀಗೇ ಇದೆ, ಯಾರೂ ಸರಿಮಾಡಿ ಕೊಡುವುದಿಲ್ಲ ಎಂದಳು. ಕುಳಿತುಕೊಳ್ಳಿ, ಎಲ್ಲವನ್ನೂ ತೆರೆದು ತೋರಿಸಿ, ಸಂಕೋಚ ಬೇಡ ಎಂದೆ.

ಆಕೆ ಕೋಟು ಬಿಚ್ಚಿ ಒಳಗನ್ನು ಹೊರಗೆ ಮಾಡಿ ಮೇಜಿನ ಮೇಲೆ ಹರಡಿದಳು. ಬಗಲಿನಿಂದ ಸೊಂಟದವರೆಗೆ ಲೈನಿಂಗ್ ಹರಿದು ಜೋಲಾಡುತ್ತಿತ್ತು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಿಘಂಟಿನ ಆ ಗಾಂಭೀರ್ಯದ ಪದ ಇನ್ನೂರು ವರ್ಷದ ಹಿಂದೆ ಅಂತರಂಗವೇ ಆಗಿದ್ದಿರಬಹುದು. ಇವತ್ತು ಈ ಊರಿನ ಬಾಯಲ್ಲಿ ಅದು ಕೋಟಿನ ಲೈನಿಂಗು. ನಾಲ್ಕು ದಿನದಿಂದ ಇಡೀ ಬೀದಿಗೆ ನಾನು ಸಾರುತ್ತಿದ್ದ ಸುವಾರ್ತೆ ಅದು.

ಹಿಂದಿನ ಕೋಣೆಯಿಂದ ಬಂದ ಇವಳು ಕೋಟು ನೋಡಿದಳು, ಬೋರ್ಡು ನೋಡಿದಳು, ನನ್ನ ಮುಖ ನೋಡಿದಳು. ಗೋಡೆ ಹಿಡಿದುಕೊಂಡು ನಕ್ಕಳು, ಹೊಟ್ಟೆ ಹುಣ್ಣಾಗುವಷ್ಟು. ಏನೆಂದು ತಿಳಿಯದೆಯೇ ಬಸ್ಸಿನಾಕೆಯೂ ನಕ್ಕಳು. ಆಮೇಲೆ ಇವಳು ಕಣ್ಣೊರೆಸಿಕೊಂಡು ಕೋಟೆತ್ತಿ ಬೆಳಕಿಗೆ ಹಿಡಿದಳು, ಅಚ್ಚ ಕನ್ನಡದಲ್ಲಿ "ನಾಳೆ ಬಾಮ್ಮ, ಆಗುತ್ತೆ" ಎಂದಳು. ಆಕೆಗೆ ಅರ್ಥವಾಯಿತು.

ಫೆಬ್ರವರಿ ೬, ಮಂಗಳವಾರ

ಬೋರ್ಡು ತೆಗೆಯುತ್ತೇನೆಂದೆ. ಕೂಡದು ಎಂದಳು. ಮಾತು ಬಿಟ್ಟಿದ್ದೇವೆ.

ಮಧ್ಯಾಹ್ನ ಮಾತಾಡಿದೆವು. ಅವಳಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲುತ್ತಿರಲಿಲ್ಲ.

ಫೆಬ್ರವರಿ ೧೫, ಗುರುವಾರ

ಬಸ್ಸಿನಾಕೆ ಡಿಪೋದಲ್ಲಿ ಡಂಗುರ ಸಾರಿಬಿಟ್ಟಿದ್ದಾಳೆ. ಇವತ್ತಿಗೆ ಕೋಟು ಹನ್ನೊಂದು. ಪ್ರಾರ್ಥನೆಯ ಕೋಣೆಯ ಕುರ್ಚಿಗಳ ಬೆನ್ನಿಗೆಲ್ಲ ಕೋಟುಗಳು. ದೂರದಿಂದ ನೋಡಿದರೆ ಸಭೆ ತುಂಬಿದಂತೆ ಕಾಣುತ್ತದೆ.

ನನ್ನ ಪ್ರಸಂಗದ ತಯಾರಿಗೆ ಇದರಿಂದ ತುಂಬಾ ತೊಂದರೆ. ಅಯ್ಯನವರ ಮುಂದೆ ಕಾಗದ ನೋಡದೆ ನಲವತ್ತು ನಿಮಿಷ ಮಾತಾಡಬೇಕೆಂದು ಸಂಕಲ್ಪ. ವಿಷಯ: ಅಂತರಂಗದ ಐದು ಬಗೆಯ ಬಿರುಕುಗಳು. ಪದವನ್ನು ಮಾತ್ರ ಬದಲಿಸಬೇಕು. ಆದರೆ ಕುಳಿತು ಬರೆಯೋಣವೆಂದರೆ ಮೇಜಿನ ಮೇಲೆ ಕತ್ತರಿ, ದಾರ, ಗುಂಡಿ. ಸುಮ್ಮನೆ ಕೂತಿದ್ದೀರಲ್ಲ, ಹಳೇ ಹೊಲಿಗೆಯನ್ನಾದರೂ ಬಿಚ್ಚಿ ಎಂದು ಇವಳು ಒಂದು ಬ್ಲೇಡು ಕೈಗೆ ಕೊಟ್ಟಳು.

ಒಂದು ವಿಷಯ ಕಂಡುಕೊಂಡೆ. ಹೊಲಿಗೆ ಬಿಚ್ಚುವುದೂ ಸಂಧಿ ಬಿಡಿಸುವುದೂ ಒಂದೇ ವಿದ್ಯೆ. ಎರಡು ತುಂಡು ಎಲ್ಲಿ ಕೂಡಿವೆಯೆಂದು ನೋಡಬೇಕು, ಮೂಲಕ್ಕೆ ಪೆಟ್ಟಾಗದಂತೆ ಬೇರೆ ಮಾಡಬೇಕು. ಬಟ್ಟೆ ಸವೆದು ಕಾಣೆಯಾಗಿದ್ದರೆ ಲೋಪ, ನಡುವೆ ಹೊಸ ತುಂಡು ಬಂದರೆ ಆಗಮ, ಹಳೆಯದನ್ನು ತೆಗೆದು ಬೇರೆ ಹಾಕಿದರೆ ಆದೇಶ. ಹನ್ನೊಂದು ಕೋಟನ್ನೂ ಹಾಗೆ ವಿಂಗಡಿಸಿ ಚೀಟಿ ಅಂಟಿಸಿದೆ. ಇವಳು ಮೊದಲು ತಲೆ ಚಚ್ಚಿಕೊಂಡಳು. ಸಂಜೆಯ ಹೊತ್ತಿಗೆ "ರೀ, ಆ ಆಗಮದ್ದು ಇತ್ತ ಕೊಡಿ" ಎನ್ನುತ್ತಿದ್ದಳು.

ಫೆಬ್ರವರಿ ೧೮, ಭಾನುವಾರ

ಹಾಜರಿ: ಒಂಬತ್ತು. ಆದರೆ ಇದರಲ್ಲಿ ಮೋಸವಿದೆ. ಸಿದ್ಧವಾದ ಕೋಟು ಭಾನುವಾರ ಹತ್ತು ಗಂಟೆಗೆ ಬಂದವರಿಗೆ ಮಾತ್ರ ಸಿಗುತ್ತದೆ ಎಂದು ಇವಳು ಬೆರಳೆಣಿಸಿ ಎಲ್ಲರಿಗೂ ಹೇಳಿಟ್ಟಿದ್ದಾಳೆ. ಅದೂ ಪ್ರಾರ್ಥನೆ ಮುಗಿದ ಮೇಲೆ. ಇದು ಸರಿಯಲ್ಲ ಎಂದೆ. "ನಿಮ್ಮ ಕ್ಲಾಸಿಗೆ ಹುಡುಗ್ರು ಹಾಜರಿಗಲ್ದೆ ವ್ಯಾಕರಣಕ್ಕೆ ಬರ್ತಿದ್ರಾ?" ಎಂದಳು.

ಫೆಬ್ರವರಿ ೨೭, ಮಂಗಳವಾರ

ಮೂರನೆಯ ಅಂತಸ್ತಿನ ಮುದುಕರೊಬ್ಬರು ಇವತ್ತು ಮೊದಲ ಸಲ ಒಳಗೆ ಬಂದರು. ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದವರಂತೆ. ನಮ್ಮ ಕಟ್ಟಡದಲ್ಲಿ ಲಿಫ್ಟಿಲ್ಲ. ಎಪ್ಪತ್ತೈದರ ಮೇಲಾಗಿರುವ ಲಿಫ್ಟಿನವರು ದಿನಾ ಅಷ್ಟು ಮೆಟ್ಟಿಲು ಹತ್ತಿಳಿಯುವುದನ್ನು ನೋಡಿ ನನಗೆ ನಗು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಅವರು ತಂದದ್ದು ಕಡುನೀಲಿ ಬಣ್ಣದ ಕೋಟು, ಹೆಂಗಸರದ್ದು. ಅಳತೆ ನೋಡಬೇಕು, ಹಾಕಿಕೊಳ್ಳುವವರನ್ನು ಕರೆತನ್ನಿ ಎಂದು ಇವಳು ಸನ್ನೆ ಮಾಡಿದಳು. ಅವರು ಎರಡೇ ಪದ ಹೇಳಿದರು: ಯಾರೂ ಇಲ್ಲ. ನನ್ನ ಪುಸ್ತಕದ ನಾಲ್ಕನೆಯ ಪಾಠದಲ್ಲಿ ಬರುವ ಪದಗಳು. ಅಲ್ಲಿ ಅವು "ಮನೆಯಲ್ಲಿ ಯಾರೂ ಇಲ್ಲ, ಎಲ್ಲರೂ ಅಂಗಡಿಗೆ ಹೋಗಿದ್ದಾರೆ" ಎಂಬ ವಾಕ್ಯದಲ್ಲಿವೆ. ನಾನು ಕನ್ನಡದಲ್ಲಿ ತಿಳಿಸುವ ಮೊದಲೇ ಇವಳು ಕೋಟನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಿದ್ದಳು.

ಅರ್ಧ ದಿನದ ಕೆಲಸ. ಇವಳು ಮೂರು ವಾರ ಬೇಕು ಎಂದು ಬೆರಳು ತೋರಿಸಿದಳು. ನನಗೇಕೋ ತಿದ್ದಬೇಕೆನಿಸಲಿಲ್ಲ.

ಮಾರ್ಚ್ ೮, ಶುಕ್ರವಾರ

ಲಿಫ್ಟಿನವರು ದಿನವೂ ಹತ್ತಕ್ಕೆ ಬಂದು ಹೀಟರಿನ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ, ಕೋಟು ಎಲ್ಲಿಗೆ ಬಂತೆಂದು ವಿಚಾರಿಸಲು. ಇವಳು ದಿನಕ್ಕೆ ಒಂದು ಗೇಣು ಹೊಲಿದು ತೋರಿಸುತ್ತಾಳೆ. ನಾನು ಹೊಲಿಗೆ ಬಿಚ್ಚುತ್ತಾ ಪ್ರಸಂಗ ಒಪ್ಪಿಸುತ್ತೇನೆ, ಅವರು ಉಚ್ಚಾರ ತಿದ್ದುತ್ತಾರೆ. ಬೋರ್ಡಿನ ಪದ ತಪ್ಪೆಂದು ಮೊದಲ ದಿನವೇ ಗೊತ್ತಿತ್ತಂತೆ. ಹೇಳಬಾರದಿತ್ತೇ ಎಂದೆ. ಹೇಳಿದ್ದರೆ ನೀವು ತಿದ್ದಿಬಿಡುತ್ತಿದ್ದಿರಿ ಎಂದರು.

ಇವತ್ತು ಎರಡನೆಯ ಬಿರುಕಿನ ಮಧ್ಯೆ ಅವರಿಗೆ ಅವರ ಕೆಲಸದ ದಿನಗಳ ಯಾವುದೋ ಕಥೆ ನೆನಪಾಯಿತು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಒಬ್ಬ ದಂತವೈದ್ಯ ಮತ್ತು ಅವನಿಂದ ತಪ್ಪಿಸಿಕೊಂಡು ಓಡುತ್ತಿದ್ದ ರೋಗಿ. ಪೂರ್ತಿ ಅರ್ಥವಾಯಿತು. ಬಿರುಕು ಅಲ್ಲಿಗೇ ನಿಂತಿತು. ಇನ್ನು ಒಂಬತ್ತೇ ದಿನವಿದೆ, ನಾನು ಹೀಗೆ ಕಾಲ ಕಳೆಯುವುದು ಸರಿಯಲ್ಲ.

ಕೋಟು ಏಳು. ಆದೇಶ ನಾಲ್ಕು, ಲೋಪ ಮೂರು.

ಮಾರ್ಚ್ ೧೬, ಶನಿವಾರ

ನೀಲಿ ಕೋಟು ಮುಗಿಯಿತು. ಅಯ್ಯನವರು ಬಂದಾಗ ಕೆಲಸ ಬಾಕಿ ಕಾಣಬಾರದೆಂದು ನಾನೇ ಅವಸರ ಮಾಡಿದೆ. ಮೇಲಿನವರೇ ಅಲ್ಲವೇ ಎಂದು ಇವತ್ತೇ ಕೊಟ್ಟುಬಿಟ್ಟೆವು. ಒಳ್ಳೆಯ ಬೂದುಬಣ್ಣದ ಲೈನಿಂಗು, ನೋಡಿದರೆ ಅಂಗಡಿಯದೇ ಎನ್ನಬೇಕು. ಅವರು ಕೈಯಾಡಿಸಿ ನೋಡಿ, ಚೆನ್ನಾಗಿದೆ ಎಂದು ಹೇಳಿ ಮಡಿಸಿಕೊಂಡು ಹೋದರು. ನಾಳೆ ಪ್ರಸಂಗಕ್ಕೆ ತಪ್ಪದೆ ಬರುವುದಾಗಿ ಮಾತು ಕೊಟ್ಟಿದ್ದಾರೆ.

ಪ್ರಸಂಗ ಕರತಲಾಮಲಕ. ಎರಡು ಸಲ ಒಪ್ಪಿಸಿದೆ, ಒಂದು ಅಕ್ಷರ ತಪ್ಪಲಿಲ್ಲ.

ಮಾರ್ಚ್ ೧೭, ಭಾನುವಾರ

ಏನಾಯಿತೋ ಅದನ್ನು ಇದ್ದ ಹಾಗೆ ಬರೆಯುತ್ತೇನೆ.

ಅಯ್ಯನವರು ಒಂಬತ್ತೂವರೆಗೆ ಬಂದರು. ಕಪ್ಪು ಕೋಟು, ಕೈಯಲ್ಲಿ ನೋಟ್‌ಬುಕ್ಕು. ಮೊದಲ ಸಾಲಿನಲ್ಲಿ ಕೂರಿಸಿದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಹದಿನೇಳು ಕುರ್ಚಿ ಭರ್ತಿ. ಬಸ್ಸಿನಾಕೆ ಡಿಪೋದ ಐವರನ್ನು ಎಳೆತಂದಿದ್ದಳು. ನಾನು ಕನಸಿನಲ್ಲಿ ಕಂಡ ಕೋಣೆ ಹೀಗೇ ಇತ್ತು. ಹೀಟರಿನ ಪಕ್ಕದ ಕುರ್ಚಿಯೊಂದು ಖಾಲಿ.

ಹತ್ತಾಯಿತು. ಎದ್ದು ನಿಂತೆ. ಇವಳು ಹತ್ತಿರ ಬಂದು ಮೇಲಿನವರು ಬಂದಿಲ್ಲ ಎಂದು ಮೆಲ್ಲಗೆ ಹೇಳಿದಳು. ನಾನೂ ನೋಡಿದ್ದೆ. ಎರಡೇ ನಿಮಿಷ, ಕರೆದುಕೊಂಡು ಬರುತ್ತೇನೆ ಎಂದು ಅಯ್ಯನವರಿಗೆ ಹೇಳಿ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಲಿಫ್ಟಿನವರು ಕಿಟಕಿಯ ಬಳಿ ಕೂತಿದ್ದರು. ಮಡಿಲಲ್ಲಿ ನೀಲಿ ಕೋಟು, ಕೈಯಲ್ಲಿ ಉಗುರು ಕತ್ತರಿಸುವ ಪುಟ್ಟ ಕತ್ತರಿ. ಇವಳು ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸುತ್ತಿದ್ದರು. ನನ್ನನ್ನು ಕಂಡೊಡನೆ ಪರೀಕ್ಷೆಯಲ್ಲಿ ಚೀಟಿ ಸಮೇತ ಸಿಕ್ಕಿಬಿದ್ದ ಹುಡುಗನಂತೆ ಕೋಟನ್ನು ಬೆನ್ನ ಹಿಂದೆ ಸರಿಸಿದರು.

ಏನು ಮಾಡುತ್ತಿದ್ದೀರಿ ಎಂದೆ. ಅವರು ಕೋಟನ್ನು ಮೆಲ್ಲಗೆ ಮತ್ತೆ ಮಡಿಲಿಗೆ ತಂದುಕೊಂಡರು. ಆಮೇಲೆ ಹೇಳಿದ ಮಾತಿನಲ್ಲಿ ಒಂದು ಪದವನ್ನೂ ನಾನು ಕನ್ನಡಕ್ಕೆ ತಿರುಗಿಸಿಕೊಳ್ಳಬೇಕಾಗಲಿಲ್ಲ.

"ಕೋಟು ಮುಗಿದುಹೋಯ್ತಲ್ಲ. ನಾಳೆ ಯಾವ ನೆಪ ಹೇಳ್ಕೊಂಡು ಕೆಳಗೆ ಬರ್ಲಿ?"

ನೆಪ ಬೇಕಿಲ್ಲ, ಸುಮ್ಮನೆ ಬನ್ನಿ ಎನ್ನಬಹುದಿತ್ತು. ಆ ವಾಕ್ಯವೂ ಪುಸ್ತಕದಲ್ಲಿದೆ. ಆದರೆ ನಾನು ಕಂಡದ್ದು ಅವರ ಕತ್ತರಿ ಬಟ್ಟೆಗೇ ತಾಗಿದ್ದ ಗುರುತನ್ನು. "ಹಾಗಲ್ಲ, ಬಟ್ಟೆ ಹರಿಯುತ್ತೆ. ಕೊಡಿ ಇಲ್ಲಿ" ಎಂದೆ. ಪಕ್ಕದಲ್ಲಿ ಕೂತು ತೋರಿಸಿಕೊಟ್ಟೆ: ಮೂರು ಹೊಲಿಗೆಗೆ ಒಂದನ್ನು ಕತ್ತರಿಸಬೇಕು, ಹಿಂದಿನಿಂದ ದಾರ ಎಳೆಯಬೇಕು, ತಾನಾಗಿ ಬಿಡುತ್ತದೆ. ಅವರು ಒಂದು ಸಾಲು ಬಿಚ್ಚಿದರು, ನಾನೊಂದು ಸಾಲು. ಅವರ ಹೆಂಡತಿಗೆ ಲಿಫ್ಟ್ ಎಂದರೆ ಜೀವಭಯವಂತೆ. ಗಂಡ ರಿಪೇರಿ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಹತ್ತುವುದಿಲ್ಲ ಎನ್ನುತ್ತಿದ್ದರಂತೆ. ಹುಡುಕಿ ಹುಡುಕಿ ಲಿಫ್ಟಿಲ್ಲದ ಮನೆ ಹಿಡಿದರಂತೆ. ನಾನು ನಕ್ಕೆ. ಅವರೂ ನಕ್ಕರು, ಕನ್ನಡಕ ತೆಗೆದು ಒರೆಸಿಕೊಂಡರು. ಗಡಿಯಾರ ನೋಡಿದರೆ ಹನ್ನೊಂದಕ್ಕೆ ಹತ್ತು ನಿಮಿಷ.

ಕೋಟು ಹಿಡಿದು ಇಬ್ಬರೂ ಇಳಿದೆವು. ಕೆಳಗೆ ಹಾಡು ಕೇಳುತ್ತಿತ್ತು. ಊರಲ್ಲಿ ನಾವು ಹಾಡುವ ಕೀರ್ತನೆಯೊಂದರ ಪಲ್ಲವಿಯನ್ನು ಇವಳು ಹೇಳಿಕೊಟ್ಟಿದ್ದಾಳೆ; ಹದಿನಾರು ಜನ, ಎಲ್ಲ ಮಹಾಪ್ರಾಣಗಳನ್ನೂ ಅಲ್ಪಪ್ರಾಣ ಮಾಡಿ, ಬಸ್ಸಿನಾಕೆಯ ಮುಂದಾಳತ್ವದಲ್ಲಿ ಎದೆಬಿಚ್ಚಿ ಹಾಡುತ್ತಿದ್ದರು. ಅಯ್ಯನವರು ಬರೀ ಅಂಗಿಯಲ್ಲಿ ಕೂತಿದ್ದರು. ಅವರ ಕಪ್ಪು ಕೋಟು ಇವಳ ಮಡಿಲಲ್ಲಿತ್ತು. ಲೋಪವೆಂದು ಚೀಟಿ ಅಂಟಿಸಿಯೂ ಆಗಿತ್ತು.

ಹಾಡು ನಿಂತಿತು. ಅಯ್ಯನವರು ಪ್ರಸಂಗ ಇದೆಯಲ್ಲವೇ ಎಂದು ಕೇಳಿದರು. ಬಾಯಿ ತೆರೆದೆ. ಮೊದಲ ವಾಕ್ಯವೇ ಹೊಳೆಯಲಿಲ್ಲ. "ಮೇಲೊಂದು ಕೆಲಸ ಇತ್ತು, ಅಯ್ಯನವರೇ" ಎಂದಷ್ಟೇ ಹೇಳಿದೆ. ಅವರು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಮಧ್ಯಾಹ್ನ ಊಟ ಮಾಡಿ, ತೀರ್ಮಾನವನ್ನು ಪತ್ರದಲ್ಲಿ ತಿಳಿಸುವುದಾಗಿ ಹೇಳಿ ಹೊರಟರು.

ಎರಡು ತಿಂಗಳ ಕೆಲಸವನ್ನು ನನ್ನ ಕೈಯಾರೆ ಹಾಳುಮಾಡಿಕೊಂಡೆ. ಇವಳಿಗೆ ಮುಖ ತೋರಿಸಲು ನಾಚಿಕೆಯಾಯಿತು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: "ಎಷ್ಟುದ್ದ ಬಿಚ್ಚಿದ್ರಿ?"

ಎರಡು ಗೇಣು ಎಂದೆ.

"ಸಾಕು ಬಿಡಿ. ತಿಂಗಳ ಕೊನೆವರೆಗೂ ಎಳೀಬಹುದು."

ಮಾರ್ಚ್ ೨೨, ಶುಕ್ರವಾರ

ಪತ್ರವಿಲ್ಲ. ಕೋಟು ಆರು. ಲಿಫ್ಟಿನವರಿಗೆ ಗುಂಡಿ ಹಚ್ಚುವುದು ಕಲಿಸಿದೆ. ನನಗಿಂತ ಬೇಗ ಕಲಿತರು, ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಏಪ್ರಿಲ್ ೬, ಶನಿವಾರ

ಕಪ್ಪು ದಾರದ ಉಂಡೆ ಹುಡುಕುತ್ತಾ ಇವಳ ಬಟ್ಟೆಚೂರಿನ ಡಬ್ಬಕ್ಕೆ ಕೈಹಾಕಿದೆ. ತಳದಲ್ಲಿ ಅಯ್ಯನವರ ಪತ್ರ. ಒಡೆದ ಲಕೋಟೆ, ಅದರ ಮೇಲಿನ ಮುದ್ರೆ ನೋಡಿದರೆ ಬಂದು ನಾಲ್ಕು ದಿನವಾಗಿರಬೇಕು.

ಅಲ್ಲೇ ನಿಂತು ಓದಿದೆ. ಕೋಣೆಯನ್ನು ಇನ್ನೆರಡು ವರ್ಷ ಇಟ್ಟುಕೊಳ್ಳಲು ಒಪ್ಪಿಗೆ. ಅಲ್ಲಿಯ ಸೇವೆಯ ಪೂರ್ತಿ ಹೊಣೆ ಅಮ್ಮನವರದು. ಮಾಸ್ತರರು ಬಯಸಿದಲ್ಲಿ ಅವರ ಸಹಾಯಕರಾಗಿ ಇರಬಹುದು.

ಮುಂದಿನ ಕೋಣೆಗೆ ಹೋದೆ. ಇವಳು ಬಸ್ಸಿನಾಕೆಯ ಎರಡನೆಯ ಕೋಟಿಗೆ ತೋಳು ಕೂಡಿಸುತ್ತಿದ್ದಳು. ನನ್ನ ಕೈಯಲ್ಲಿ ಪತ್ರ ನೋಡಿ ಮಿಷನ್ ನಿಲ್ಲಿಸಿದಳು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದಿನ ತಳ್ಳಿದಳಂತೆ. ಮೂವತ್ತೆಂಟು ವರ್ಷದಲ್ಲಿ ಇವಳು ನನಗೆ ಹೆದರಿದ್ದನ್ನು ನಾನು ನೋಡಿಲ್ಲ. ಇವತ್ತು ನನಗಾಗಿ ಹೆದರಿದ್ದಳು.

"ಫೋನ್ ಮಾಡಿ ತಿದ್ದಿಸ್ತೀನಿ ರೀ. ಇಬ್ಬರ ಹೆಸರೂ ಹಾಕ್ಲಿ. ನಿಮ್ಮ ಹೆಸರೇ ಮೊದ್ಲು ಬರ್ಲಿ."

ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ತೆಗೆದುಕೊಂಡು ಪತ್ರವನ್ನು ಮೊದಲಿನಿಂದ ನಿಧಾನವಾಗಿ ನೋಡಿದೆ. ಪ್ರಾರ್ಥನೆ ಎಂಬಲ್ಲಿ ಅರ್ಕಾವೊತ್ತು ಬಿಟ್ಟುಹೋಗಿತ್ತು. ಮುಂದುವರಿಸಲು ಎನ್ನಬೇಕಾದಲ್ಲಿ ಮುಂದುವರೆಸಲು ಎಂದಿತ್ತು. ಜವಾಬ್ದಾರಿಗೆ ದೀರ್ಘವೇ ಇರಲಿಲ್ಲ. ಮೂರನ್ನೂ ಸುತ್ತುಹಾಕಿ ತಿದ್ದಿ, ಪತ್ರವನ್ನು ಅವಳ ಕೈಗೆ ಕೊಟ್ಟೆ.

ಅವಳು ಕನ್ನಡಕ ಏರಿಸಿ ಕೊನೆಯ ಸಾಲಿನವರೆಗೂ ಬೆರಳಿಟ್ಟು ನೋಡಿದಳು. ಸಹಾಯಕರು ಎಂಬ ಪದದ ಮೇಲೆ ಬೆರಳು ನಿಂತಿತು.

"ಮತ್ತೆ ಇದು?"

"ಅದರಲ್ಲಿ ತಪ್ಪಿಲ್ಲ" ಎಂದೆ.